ಕಳಿತ ಗೊಬ್ಬರವೋ, ಕೊಳೆತ ಗೊಬ್ಬರವೋ?

ಎಲ್ಲರಿಗೂ ನಮಸ್ಕಾರ.

ತಾರಸಿಯಲ್ಲಿ, ಹಿತ್ತಲಲ್ಲಿ ತರಕಾರಿ ಬೆಳೆಯುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅಡುಗೆಮನೆಯ ಕಸದಿಂದ ಕಾಂಪೋಸ್ಟ್ ಮಾಡುವುದು ಹೇಗೆ, ಅದನ್ನು ಮಣ್ಣಿಗೆ ಬೆರೆಸಿ ಕುಂಡ, ಪಾತಿ ಸಿದ್ಧ ಮಾಡುವುದು ಹೇಗೆ ಅನ್ನುವುದಷ್ಟೇ ಅದರ ವಿಷಯ. ಕಾಂಪೋಸ್ಟ್ ಅನ್ನುವ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಹಳ್ಳಿಯಲ್ಲೂ ಪೇಟೆಯಲ್ಲೂ ಆ ಪದ ನೆಲೆಯೂರಿದೆ. ನನ್ನ ಪ್ರಶ್ನೆ ಕ್ರಿಯಾಪದದ್ದು. ಕಸ ಗೊಬ್ಬರವಾಗುವ ಆ ಕೆಲಸಕ್ಕೆ ಏನನ್ನಬೇಕು? ಕೊಳೆಯುವುದು, ಕಳಿಯುವುದು, ಮಾಗುವುದು, ಮೂರೂ ಬಳಕೆಯಲ್ಲಿವೆ. ಮೂರನ್ನೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬರೆಯುವುದೂ ಇದೆ. ಹಾಗೆ ಬರೆದರೆ ಗಿಡಕ್ಕೇ ಪೆಟ್ಟು ಬೀಳುತ್ತದೆ ಅನ್ನುವುದು ನನ್ನ ಅನಿಸಿಕೆ. ಅದನ್ನು ನಿಮ್ಮ ಮುಂದೆ ಇಟ್ಟು ಸರಿಯೋ ತಪ್ಪೋ ಕೇಳೋಣ ಅಂತ ಈ ಬರಹ.

ಬೇಸಾಯದ ಕೈಪಿಡಿಗಳನ್ನು ತೆಗೆದು ನೋಡಿ. ಯಾವ ಬೆಳೆಯಾದರೂ ಸರಿ, ಭೂಮಿ ಸಿದ್ಧತೆ ಅನ್ನುವ ಕಡೆ 'ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ' ಅನ್ನುವ ಮಾತು ಸಿಗುತ್ತದೆ. ನಮ್ಮ ತುಮಕೂರು ಕಡೆ ರೈತರ ಬಾಯಲ್ಲೂ ಇದೇ ಇದೆ. 'ಗೊಬ್ಬರ ಇನ್ನೂ ಕಳಿತಿಲ್ಲ, ಈಗಲೇ ಹೊಡೀಬೇಡ' ಅನ್ನುತ್ತಾರೆ. ಆದರೆ ಪೇಟೆಯ ಕೈತೋಟದವರಿಗಾಗಿ ಈಚೆಗೆ ಬರುತ್ತಿರುವ ಕರಪತ್ರ, ವಿಡಿಯೋಗಳಲ್ಲಿ 'ಕಸವನ್ನು ಕೊಳೆಸಿ', 'ಕೊಳೆತ ಗೊಬ್ಬರ ಬಳಸಿ' ಅನ್ನುವುದೇ ಜಾಸ್ತಿ. ಕಳಿ ಅನ್ನುವ ಪದ ಅಲ್ಲಿ ಮೆಲ್ಲಗೆ ಜಾರಿಹೋಗುತ್ತಿದೆ.

ಕೊಳೆ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಮೈಕೊಳೆ, ಕೊಳೆ ಬಟ್ಟೆ, ಕೊಳೆತ ಟೊಮೆಟೊ. ಮಲೆನಾಡಿನವರಿಗೆ ಕೊಳೆ ಅಂದರೆ ಅಡಿಕೆಯ ಕೊಳೆರೋಗ. ಮಳೆಗಾಲ ಬಿಡದೆ ಹೊಯ್ದರೆ ಎಳೆ ಅಡಿಕೆ ಗೊನೆಯಿಂದ ಉದುರುತ್ತದೆ. ಅದಕ್ಕಾಗಿಯೇ ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಎಲ್ಲಾ ಕಡೆಯೂ ಕೊಳೆ ಅಂದರೆ ಹಾಳಾಗುವುದು. ಬೇಡದ್ದು, ದೂರ ಇಡಬೇಕಾದ್ದು.

ಕಳಿ ಹಾಗಲ್ಲ. ಕಳಿತ ಬಾಳೆಹಣ್ಣು ಅನ್ನುತ್ತೇವೆ. ಕಾಯಿ ಬಲಿತು, ಹಣ್ಣಾಗಿ, ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಮೂಡಿ, ಒಳಗೆ ಮೆತ್ತಗೆ ಸಿಹಿಯಾಗಿರುವುದು ಕಳಿತ ಹಣ್ಣು. ರಸಾಯನಕ್ಕೆ ಅದೇ ಬೇಕು. ಅದರ ಮುಂದಿನ ಹೆಜ್ಜೆ ಕೊಳೆಯುವುದು. ಅಂದರೆ ಹಣ್ಣಿನ ವಿಷಯದಲ್ಲಿ ಮೊದಲು ಕಳಿಯುತ್ತದೆ, ಆಮೇಲೆ ಕೊಳೆಯುತ್ತದೆ. ಗೊಬ್ಬರದಲ್ಲಿ ಈ ಸಾಲು ತಿರುಗುಮುರುಗು. ಮೊದಲು ಕೊಳೆಯುತ್ತದೆ, ಎಲ್ಲಾ ಮುಗಿದ ಮೇಲೆ ಕಳಿತದ್ದು ಅನ್ನಿಸಿಕೊಳ್ಳುತ್ತದೆ. ಇದನ್ನು ಗಮನಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಕೊಳೆ ಅನ್ನುವುದು ನಡುವಿನ ನಡೆ. ಕಳಿ ಅನ್ನುವುದು ತಲುಪಿದ ಹದ.

ಈ ವ್ಯತ್ಯಾಸ ಬರೀ ಮಾತಿನದ್ದಲ್ಲ. ರಾಶಿಯೊಳಗೆ ಏನು ನಡೆಯುತ್ತದೆ ನೋಡೋಣ. ತರಕಾರಿ ಸಿಪ್ಪೆ, ಸಗಣಿ, ಒಣ ಎಲೆ ಸೇರಿಸಿ ಒಂದು ಘನ ಮೀಟರ್‌ನಷ್ಟು ರಾಶಿ ಮಾಡಿದರೆ ಕೆಲವೇ ದಿನಗಳಲ್ಲಿ ಅದು ಕಾವು ಹಿಡಿಯುತ್ತದೆ. ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕೈ ಇಟ್ಟರೆ ಚುರುಗುಟ್ಟುತ್ತದೆ. ಸಕ್ಕರೆ, ಪಿಷ್ಟದಂತಹ ಸುಲಭದ ತಿನಿಸನ್ನು ಬ್ಯಾಕ್ಟೀರಿಯಾಗಳು ಆಗ ಮುಗಿಸುತ್ತವೆ. ಗಾಳಿ ಆಡುತ್ತಿದ್ದರೆ ಅಷ್ಟೇನೂ ನಾತ ಇರುವುದಿಲ್ಲ. ಗಾಳಿ ಸಿಗದೆ ನೀರು ನಿಂತರೆ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹಸಿ ಪದಾರ್ಥವೇ ಹೆಚ್ಚಾದರೆ ಮೂಗಿಗೆ ಅಮೋನಿಯಾ ಹೊಡೆಯುತ್ತದೆ. ಕಾವು ಇಳಿದ ಮೇಲೆ ಶಿಲೀಂಧ್ರಗಳೂ ಆಕ್ಟಿನೋಮೈಸೀಟ್ ಅನ್ನುವ ಒಂದು ಬಗೆಯ ಬ್ಯಾಕ್ಟೀರಿಯಾಗಳೂ ಬಂದು ನಾರು, ತೊಟ್ಟು, ಕಡ್ಡಿ ತಿನ್ನುತ್ತವೆ. ಈ ಆಕ್ಟಿನೋಮೈಸೀಟ್‌ಗಳು ಹೊರಬಿಡುವ ಜಿಯೋಸ್ಮಿನ್ ಅನ್ನುವ ವಸ್ತುವಿನಿಂದಲೇ ಮೊದಲ ಮಳೆ ಬಿದ್ದ ನೆಲಕ್ಕೆ ಆ ಘಮ ಬರುವುದು. ರಾಶಿಯಲ್ಲೂ ಕೊನೆಗೆ ಅದೇ ಮಣ್ಣಿನ ಘಮ ಬರುತ್ತದೆ. ಆಗ ರಾಶಿ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿದಿರುತ್ತದೆ. ಬಣ್ಣ ಕಪ್ಪಿಗೆ ತಿರುಗಿರುತ್ತದೆ. ಯಾವುದು ಸಿಪ್ಪೆ, ಯಾವುದು ಎಲೆ ಅಂತ ಗುರುತು ಸಿಗುವುದಿಲ್ಲ. ರೈತರು ಕಳಿತಿದೆ ಅನ್ನುವುದು ಈ ಹಂತಕ್ಕೆ.

ಈಗ 'ಕೊಳೆತ ಗೊಬ್ಬರ ಹಾಕಿ' ಅಂತ ಓದಿದವರು ಏನು ಮಾಡುತ್ತಾರೆ? ಡಬ್ಬಿ ಮುಚ್ಚಳ ತೆಗೆದಾಗ ಕೊಳೆತಿರುವುದು ಕಾಣುತ್ತದೆ. ಸರಿ, ಆಯ್ತು ಅಂದುಕೊಂಡು ಕುಂಡಕ್ಕೆ ಸುರಿಯುತ್ತಾರೆ. ಅರ್ಧಂಬರ್ಧ ಆದ ಗೊಬ್ಬರ ಮಣ್ಣಿನೊಳಗೆ ತನ್ನ ಕೆಲಸ ಮುಂದುವರಿಸುತ್ತದೆ. ಅದರಲ್ಲಿ ಎಲೆ, ಹೊಟ್ಟು ಹೆಚ್ಚಿದ್ದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡದ ಎಲೆ ಹಳದಿಯಾಗುತ್ತದೆ. ಹುಳಿ ಅಂಶ ಉಳಿದಿದ್ದರೆ ಬೀಜ ಮೊಳೆಯುವುದಿಲ್ಲ. ಸಗಣಿಯಾದರೆ ಗೆದ್ದಲು, ಗೊಣ್ಣೆಹುಳು ಬೇರೆ. ಗಿಡ ಸೊರಗಿದ ಮೇಲೆ 'ಮನೆ ಗೊಬ್ಬರ ನಮಗೆ ಆಗಿಬರಲ್ಲ' ಅಂತ ಕೈಬಿಡುತ್ತಾರೆ. ಸೂಚನೆಯಲ್ಲಿ ಒಂದು ಪದ ಸರಿಯಾಗಿ ಇದ್ದಿದ್ದರೆ ಇದು ತಪ್ಪುತ್ತಿತ್ತು ಅಲ್ವಾ?

ಹಾಗಾದರೆ ಬರೆಯುವವರು ಯಾಕೆ ಕೊಳೆ ಅನ್ನುವ ಕಡೆಗೇ ವಾಲುತ್ತಾರೆ? ನನಗೆ ತೋಚಿದ ಒಂದು ಕಾರಣ ವ್ಯಾಕರಣದ್ದು. ಕೊಳೆ ಅನ್ನುವುದಕ್ಕೆ ಕೊಳೆಸು ಇದೆ. ಮಾಗು ಅನ್ನುವುದಕ್ಕೆ ಮಾಗಿಸು ಇದೆ. ಕಳಿ ಅನ್ನುವುದಕ್ಕೆ? ನಿಯಮದ ಪ್ರಕಾರ ಕಳಿಸು ಆಗಬೇಕು. ಆದರೆ ಆ ಜಾಗದಲ್ಲಿ ಕಳುಹಿಸು ಅನ್ನುವುದರ ಆಡುರೂಪ ಆಗಲೇ ಬಂದು ಕೂತಿದೆ. 'ಕಸವನ್ನು ಮೂರು ತಿಂಗಳು ಕಳಿಸಿ' ಅಂತ ಬರೆದರೆ ಓದುವವರು ಎಲ್ಲಿಗೆ ಕಳಿಸಬೇಕು ಅಂತ ಕೇಳುತ್ತಾರೆ. ಸೂಚನೆ ಬರೆಯುವವರಿಗೆ ಬೇಕಾಗಿರುವುದು ಇಂಥ 'ಮಾಡಿಸುವ' ಕ್ರಿಯಾಪದವೇ. ಬೇರೆ ದಾರಿ ಕಾಣದೆ ಕೊಳೆಸಿ ಅಂತ ಬರೆದುಬಿಡುತ್ತಾರೆ ಅಂತ ನನ್ನ ಊಹೆ. ಇದರ ಜೊತೆಗೆ ಳ ಮತ್ತು ಲ ಒಂದೇ ಥರ ಉಚ್ಚರಿಸುವ ಕಡೆ 'ಕಳಿತ' ಹೋಗಿ 'ಕಲಿತ' ಆಗುವ ತೊಡಕೂ ಇದೆ.

ಹೊಲದವರು ಈ ತೊಡಕನ್ನು ಹೇಗೆ ದಾಟಿದ್ದಾರೆ? ಅವರು ಯಾರೂ ಗೊಬ್ಬರವನ್ನು ಕಳಿಸುವುದಿಲ್ಲ. 'ಕಳಿಯೋಕೆ ಬಿಡು' ಅನ್ನುತ್ತಾರೆ. ನನಗೆ ಈ ಮಾತು ತುಂಬಾ ಇಷ್ಟ. ಕೆಲಸ ನಮ್ಮದಲ್ಲ, ರಾಶಿಯದ್ದು. ನಾವು ಮಾಡುವುದು ಪೇರಿಸುವುದು, ನೀರು ಚಿಮುಕಿಸುವುದು, ಮಗುಚುವುದು ಅಷ್ಟೇ. ಕೈಪಿಡಿಯಲ್ಲಿ ಎಲ್ಲಾ ಕಡೆ 'ಕಳಿಯಲು ಬಿಡಿ' ಅಂತಲೇ ಹಾಕಬೇಕು ಅಂತಿದ್ದೇನೆ.

ಒಂದು ಆಕ್ಷೇಪ ಬರಬಹುದು. ಗಾಳಿ ಆಡಿ ಆದದ್ದು ಕಳಿತದ್ದು, ಗಾಳಿ ಇಲ್ಲದೆ ಆದದ್ದು ಕೊಳೆತದ್ದು, ಹೀಗೆ ವಿಂಗಡಿಸಿದರೆ ಆಗದೇ ಅಂತ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಬಳಕೆ ಇದನ್ನು ಒಪ್ಪುವುದಿಲ್ಲ. ನಮ್ಮ ದೇಶದ ಎರಡು ಹೆಸರಾಂತ ಪದ್ಧತಿಗಳನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ರೂಪಿಸಿದ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ಮಗುಚುತ್ತಾರೆ. ಗಾಳಿ ಆಡುವುದರಿಂದ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೆಂಗಳೂರು ಪದ್ಧತಿ ಬೇರೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪಟ್ಟಣದ ಕಸಕ್ಕಾಗಿ ರೂಪಿಸಿದ್ದು ಅದು. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮಗುಚುವ ಕೆಲಸವೇ ಇಲ್ಲ. ಮೊದಲ ಕೆಲವು ದಿನ ಬಿಟ್ಟರೆ ಹೆಚ್ಚಿನ ಕೆಲಸ ಗಾಳಿ ಇಲ್ಲದೆಯೇ ನಡೆಯುತ್ತದೆ. ಹಾಗಾಗಿ ಆರು ತಿಂಗಳು, ಎಂಟು ತಿಂಗಳು ಹಿಡಿಯುತ್ತದೆ. ಹಳ್ಳಿಯ ತಿಪ್ಪೆಗುಂಡಿಯ ತಳದಲ್ಲೂ ಗಾಳಿ ಎಲ್ಲಿಂದ ಬರಬೇಕು? ಆದರೂ ತಿಪ್ಪೆಯ ತಳದ ಕಪ್ಪು ಗೊಬ್ಬರವನ್ನು 'ಒಳ್ಳೆ ಕಳಿತ ಗೊಬ್ಬರ' ಅಂತಲೇ ಕರೆಯುತ್ತಾರೆ. ಆದ್ದರಿಂದ ಕಳಿ ಅನ್ನುವುದು ದಾರಿಯ ಹೆಸರಲ್ಲ, ಮುಟ್ಟಿದ ಊರಿನ ಹೆಸರು.

ಬೋಕಾಶಿ ಮಾಡುವವರಿಗೆ ಇನ್ನೊಂದು ಕ್ರಿಯಾಪದ ಬೇಕಾಗುತ್ತದೆ. ಜಪಾನಿನ ಈ ವಿಧಾನದಲ್ಲಿ ಅಡುಗೆಮನೆ ಕಸಕ್ಕೆ ತೌಡಿನಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳನ್ನು ಬೆರೆಸಿ ಗಾಳಿಯಾಡದಂತೆ ಮುಚ್ಚಿಡುತ್ತಾರೆ. ಎರಡು ವಾರದ ಮೇಲೂ ಸಿಪ್ಪೆ ಸಿಪ್ಪೆಯಾಗಿಯೇ ಇರುತ್ತದೆ, ಹುಳಿ ವಾಸನೆ ಬಂದಿರುತ್ತದೆ. ಇದು ಕೊಳೆತದ್ದೂ ಅಲ್ಲ, ಕಳಿತದ್ದೂ ಅಲ್ಲ. ಹುದುಗಿದ್ದು, ಅಂದರೆ ದೋಸೆ ಹಿಟ್ಟಿನ ಹಾಗೆ ಹುಳಿ ಬಂದದ್ದು. ಅದನ್ನು ಮಣ್ಣಿನಲ್ಲಿ ಹೂತು ಇನ್ನೂ ಕೆಲವು ವಾರ ಬಿಟ್ಟರೆ ಆಮೇಲೆ ಕಳಿಯುತ್ತದೆ. ಹುದುಗು ಅನ್ನುವ ಪದ ಇಲ್ಲಿ ಸರಿಯಾಗಿ ಕೂರುತ್ತದೆ ಅಂತ ನನ್ನ ಲೆಕ್ಕ.

ಮಾಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಗಿದ ಗೊಬ್ಬರ ಅಂದರೂ ಅರ್ಥವಾಗುತ್ತದೆ, ಮಾಗಿಸಿ ಅಂತ ಬರೆಯಲೂಬಹುದು. ಆದರೆ ಮಾಗಿದ್ದು ಅಂದರೆ ಹಣ್ಣು, ಮನಸ್ಸು, ವಯಸ್ಸು ನೆನಪಾಗುವಷ್ಟು ಗೊಬ್ಬರ ನೆನಪಾಗುವುದಿಲ್ಲ. ಇನ್ನೊಂದು ಮಾತು. ಮಾಗಿ ಉಳುಮೆಯ ಮಾಗಿಗೂ ಇದಕ್ಕೂ ನಂಟು ಕಟ್ಟಬೇಡಿ. ಆ ಮಾಗಿ ಚಳಿಗಾಲದ್ದು, ಮಾಘದಿಂದ ಬಂದದ್ದು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಇದು ಪೇಟೆಯಲ್ಲಿ ಹುಟ್ಟಿದ್ದು. ಕಾಂಪೋಸ್ಟ್ ಚೆನ್ನಾಗಿ ಆಗಬೇಕಾದರೆ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ 25ರಿಂದ 30ಕ್ಕೆ 1ರಂತೆ ಇರಬೇಕು. ಸಿಪ್ಪೆ, ಸೊಪ್ಪು, ಸಗಣಿಯಲ್ಲಿ ಸಾರಜನಕ ಜಾಸ್ತಿ. ಒಣಗಿದ ಎಲೆ, ಹುಲ್ಲು, ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಜಾಸ್ತಿ. ಇಂಗ್ಲಿಷಿನಲ್ಲಿ ಇವಕ್ಕೆ ಹಸಿರು, ಕಂದು ಅನ್ನುತ್ತಾರೆ. ಅದನ್ನೇ ಹಾಗೇ ಕನ್ನಡಕ್ಕೆ ತಂದರೆ ಸಗಣಿ ಯಾವ ಲೆಕ್ಕದಲ್ಲಿ ಹಸಿರು ಅಂತ ಪ್ರಶ್ನೆ ಏಳುತ್ತದೆ. ನಮ್ಮಲ್ಲಿ ಹಸಿ ಮತ್ತು ಒಣ ಅನ್ನುವ ಜೋಡಿ ಇದೆಯಲ್ಲ, ಅದು ಸಾಕಿತ್ತು. ಆದರೆ ಬೆಂಗಳೂರಿನಂಥ ಊರುಗಳಲ್ಲಿ ಕಸ ಬೇರೆ ಮಾಡುವುದು ಶುರುವಾದ ಮೇಲೆ 'ಒಣ ಕಸ' ಅಂದರೆ ಪ್ಲಾಸ್ಟಿಕ್, ಕಾಗದ, ಬಾಟಲಿ ಅಂತಲೇ ಜನರ ತಲೆಯಲ್ಲಿ ಕೂತಿದೆ. 'ಹಸಿ ಕಸದ ಮೇಲೆ ಒಂದು ಪದರ ಒಣ ಕಸ ಹಾಕಿ' ಅಂತ ಬರೆದರೆ ಹಾಲಿನ ಕವರ್ ಕೂಡ ಗುಂಡಿಗೆ ಬಿದ್ದೀತು. ಹಾಗಾಗಿ ತರಗು ಅಥವಾ ತರಗೆಲೆ ಅನ್ನುವುದನ್ನು ಬಳಸಬೇಕು ಅಂತಿದ್ದೇನೆ. ಮಲೆನಾಡಿನಲ್ಲಿ ದರಗು, ದರಕು ಅನ್ನುವುದನ್ನು ಕೇಳಿದ್ದೇನೆ. ಅಲ್ಲಿ ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು ತರಗು ತರಲೆಂದೇ ಸೊಪ್ಪಿನಬೆಟ್ಟಗಳಿವೆ. ದನದ ಕಾಲಡಿ ಹಾಸಿದ ಸೊಪ್ಪು ಸಗಣಿ ಗಂಜಲ ಕುಡಿದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಇಂಗಾಲ ಸಾರಜನಕದ ಲೆಕ್ಕ ಯಾರೂ ಹೇಳಿಕೊಡದೆಯೇ ಅಲ್ಲಿ ಸರಿಹೋಗುತ್ತದೆ.

ಮಣ್ಣಿನ ಕಡೆಗೆ ಬಂದರೆ ತೊಂದರೆ ಕಡಿಮೆ. ಹದ ಅನ್ನುವ ಒಂದು ಪದ ಅರ್ಧ ಕೆಲಸ ಮಾಡಿಕೊಡುತ್ತದೆ. ಹಿಡಿ ಮಣ್ಣು ಒತ್ತಿದರೆ ಉಂಡೆಯಾಗಬೇಕು, ಬೆರಳಲ್ಲಿ ತಿವಿದರೆ ಉದುರಬೇಕು. ಅದು ಹದ. ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಗೊಬ್ಬರ ಅಂತ ಬರೆದಿದ್ದೇನೆ. ಎರೆಮಣ್ಣಿನ ಸೀಮೆಯವರಿಗೆ ಮರಳೂ ಗೊಬ್ಬರವೂ ಹೆಚ್ಚು ಬೇಕು, ಇಲ್ಲದಿದ್ದರೆ ನೀರು ಬಸಿಯುವುದಿಲ್ಲ. ಇಲ್ಲಿ ಒಂದು ಸಣ್ಣ ಪ್ರಶ್ನೆ. 'ಎರೆಮಣ್ಣಿಗೆ ಎರೆಗೊಬ್ಬರ ಬೆರೆಸಿ' ಅಂತ ಬರೆದಾಗ ಎರಡು ಎರೆಗಳೂ ಒಂದೇ ಅಂತ ಓದುವವರಿಗೆ ಅನ್ನಿಸಬಹುದು. ಮೊದಲನೆಯದು ಕಪ್ಪು ಮಣ್ಣು. ಎರಡನೆಯದು ಎರೆಹುಳುವಿನದ್ದು. ಮೀನಿಗೆ ಗಾಳದಲ್ಲಿ ಸಿಕ್ಕಿಸುವ ಎರೆ, ತಮಿಳಿನ ಇರೈ, ತೆಲುಗಿನ ಎರ ಎಲ್ಲಾ ಈ ಎರಡನೆಯದರ ಬಳಗ. ಗದಗ, ವಿಜಯಪುರದ ಕಡೆಯವರು ಎರೆಗೊಬ್ಬರ ಅಂದಾಗ ತಡವರಿಸುತ್ತಾರಾ, ಇಲ್ಲವಾ? ಎರೆಹುಳು ಗೊಬ್ಬರ ಅಂತ ಪೂರ್ತಿ ಬರೆಯುವುದೇ ವಾಸಿಯಾ?

ನಿಮ್ಮಿಂದ ತಿಳಿಯಬೇಕಾಗಿರುವುದು ಇವು. ನಿಮ್ಮ ಊರಿನಲ್ಲಿ, ಮನೆಯ ಹಿರಿಯರ ಬಾಯಲ್ಲಿ ಗೊಬ್ಬರ ಕಳಿಯುತ್ತದೆಯೇ, ಕೊಳೆಯುತ್ತದೆಯೇ, ಅಥವಾ ಬೇರೆ ಏನಾದರೂ ಆಗುತ್ತದೆಯೇ? ಕರಾವಳಿಯವರು ಹಟ್ಟಿಗೊಬ್ಬರಕ್ಕೆ ಯಾವ ಕ್ರಿಯಾಪದ ಸೇರಿಸುತ್ತೀರಿ? ಉತ್ತರ ಕರ್ನಾಟಕದಲ್ಲಿ ತಿಪ್ಪಿ ಗೊಬ್ಬರಕ್ಕೆ ಏನನ್ನುತ್ತಾರೆ? ಇನ್ನೂ ಆಗದ ಗೊಬ್ಬರಕ್ಕೆ ನಮ್ಮ ಕಡೆ 'ಹಸಿ ಗೊಬ್ಬರ' ಅನ್ನುತ್ತೇವೆ, 'ಕಾವು ಆರಿಲ್ಲ' ಅಂತಲೂ ಅನ್ನುತ್ತೇವೆ. ಹಸಿ ಅಂದರೆ ನೀರಿನ ಪಸೆ ಅಂತ ಅಂದುಕೊಳ್ಳುವ ಅಪಾಯ ಇರುವುದರಿಂದ ಎರಡನೆಯದೇ ನನಗೆ ಹಿಡಿಸಿದೆ.

ಮುಖ್ಯವಾಗಿ, ಕಳಿ ಅನ್ನುವುದಕ್ಕೆ 'ಮಾಡಿಸುವ' ರೂಪ ಯಾವುದಾದರೂ ಊರಿನಲ್ಲಿ ಉಳಿದಿದೆಯೇ? ಮಾವಿನಕಾಯಿ ಹಣ್ಣಾಗಲಿ ಅಂತ ಹುಲ್ಲಿನಲ್ಲಿ ಮುಚ್ಚಿಡುವುದಕ್ಕೆ 'ಅಡೆ ಹಾಕುವುದು' ಅನ್ನುತ್ತೇವಲ್ಲ, ಆ ಮಾತನ್ನು ಗೊಬ್ಬರಕ್ಕೂ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಯಾವ ಊರು, ಯಾವ ತಾಲ್ಲೂಕು, ವಾಕ್ಯ ಹೇಗಿತ್ತು ಅಂತ ಬರೆದು ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ತಿದ್ದಿಕೊಳ್ಳುತ್ತೇನೆ.