ಡೈಸನ್ ಜಾಹೀರಾತು ಜಗಳ: ‘ಎರಡು ಪಟ್ಟು ಎಳೆತ’ ಅಂದರೆ ಯಾವುದಕ್ಕಿಂತ?

ದೂಳಿನಮನೆ (ಬೆಂಗಳೂರು) – ಪ್ರಶ್ನೆ

ನಮ್ಮದು ಎರಡನೇ ಮಹಡಿ. ಎದುರಿನ ರಸ್ತೆ ಅಗೆದು ಎಂಟು ತಿಂಗಳಾಯಿತು. ಬೆಳಿಗ್ಗೆ ಏಳಕ್ಕೆ ಒರೆಸಿದ ಟೇಬಲ್ ಮೇಲೆ ಹತ್ತಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ಪೊರಕೆ ಕೈಗೆ ತಗೊಂಡರೆ ಸಾಕು, ಮಗನಿಗೆ ಸೀನು ಶುರು. ಹಳೆಯ ವ್ಯಾಕ್ಯೂಮ್ ಕ್ಲೀನರ್ ಒಂದಿದೆ. ಬಟ್ಟೆ ಚೀಲದ್ದು, 1,400 ವ್ಯಾಟ್, ನನ್ನ ಮದುವೆಯಷ್ಟೇ ಹಳೆಯದು. ಈಗ ಅದು ಕೂಗುವುದು ಜಾಸ್ತಿ, ಎಳೆಯುವುದು ಕಡಿಮೆ.

ಡೈಸನ್ ಕಂಪನಿಯ ವ್ಯಾಕ್ಯೂಮ್ ತಗೊಳ್ಳೋಣ ಅಂತ ಓದಲು ಕೂತೆ. ಯಂತ್ರಕ್ಕಿಂತ ಕೋರ್ಟ್ ಕೇಸುಗಳ ಸುದ್ದಿಯೇ ಜಾಸ್ತಿ ಸಿಕ್ಕಿತು! ಅವರು ‘ನಿಮ್ಮ ಜಾಹೀರಾತು ಸುಳ್ಳು’ ಅಂತ ಬೇರೆಯವರ ಮೇಲೆ ಕೇಸು ಹಾಕುತ್ತಾರೆ. ಬೇರೆಯವರು ಅದೇ ಮಾತು ಹೇಳಿ ಅವರ ಮೇಲೆ ಹಾಕುತ್ತಾರೆ. ಈ ಮಧ್ಯೆ ಕೋಲಿನಷ್ಟು ತೆಳ್ಳಗಿನ ಹೊಸ ಯಂತ್ರ ಬಂದಿದೆಯಂತೆ. ಇನ್ನೊಂದು ಕಂಪನಿಯ ರೋಬೋ ಅದಕ್ಕಿಂತ ಎಷ್ಟೋ ಅಗ್ಗ, ಡಬ್ಬದ ಮೇಲೆ ‘20,000 ಪಾಸ್ಕಲ್’ ಅಂತ ದೊಡ್ಡದಾಗಿ ಬರೆದಿದೆ. ಡೈಸನ್‌ನವರು ಪಾಸ್ಕಲ್ ಅನ್ನುವುದಿಲ್ಲ, ‘55 ಏರ್‌ವ್ಯಾಟ್’ ಅನ್ನುತ್ತಾರೆ. 20,000 ದೊಡ್ಡದೋ 55 ದೊಡ್ಡದೋ? ಯಾರ ಮಾತು ನಂಬುವುದು? ಬಲ್ಲವರು ಹೇಳಿ.

ಪೊರಕೆಪಕ್ಷ

ನನ್ನ ಪೊರಕೆ ಸೊನ್ನೆ ಪಾಸ್ಕಲ್, ಸೊನ್ನೆ ಏರ್‌ವ್ಯಾಟ್. ಇದುವರೆಗೆ ಒಂದು ಕೇಸೂ ಇಲ್ಲ.

ಸ್ವಿಂಡನ್‌ವಾಸಿ

ಪೊರಕೆಪಕ್ಷದವರೇ, ಮಗು ಸೀನುತ್ತಿದೆ ಅಂತ ಅವರು ಬರೆದಿದ್ದಾರೆ ಅಲ್ವಾ.

ನಾನು ತಿಪಟೂರಿನವನು. ಇಂಗ್ಲೆಂಡಿನ ಸ್ವಿಂಡನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಡೈಸನ್ ಕಂಪನಿ ಬೆಳೆದ ಮಾಮ್ಸ್‌ಬರಿ ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಹಾಗಂತ ನಾನು ಅವರ ಕಡೆಯವನಲ್ಲ. ನಮ್ಮ ಮನೆಯಲ್ಲಿ ಇರುವುದು ಹೆನ್ರಿ. ಕೆಂಪು ಡಬ್ಬಿಗೆ ಕಣ್ಣು, ಬಾಯಿ ಬರೆದು, ಮೂಗಿನ ಜಾಗದಲ್ಲಿ ಪೈಪು ಸಿಕ್ಕಿಸಿದ ಯಂತ್ರ. ಬಾಡಿಗೆ ಮನೆಯ ಓನರ್ ಬಿಟ್ಟುಹೋಗಿದ್ದು.

ಈ ಜಗಳಗಳ ಬೇರು ಇರುವುದು ಚೀಲದಲ್ಲಿ. ಹಳೆಯ ಯಂತ್ರಗಳಲ್ಲಿ ಗಾಳಿ ಚೀಲದ ಸಣ್ಣ ಸಣ್ಣ ತೂತುಗಳಿಂದಲೇ ಹೊರಗೆ ಹೋಗಬೇಕು. ನಯವಾದ ದೂಳು ಆ ತೂತುಗಳನ್ನೇ ಮುಚ್ಚುತ್ತದೆ. ಚೀಲ ಕಾಲು ಭಾಗ ತುಂಬುವ ಮೊದಲೇ ಎಳೆತ ಇಳಿದಿರುತ್ತದೆ. 1970ರ ದಶಕದ ಕೊನೆಗೆ, ಮುಂದೆ ಈ ಕಂಪನಿ ಕಟ್ಟಿದ ಜೇಮ್ಸ್ ಡೈಸನ್, ಮನೆಯಲ್ಲಿದ್ದ ಹೂವರ್ ಕಂಪನಿಯ ವ್ಯಾಕ್ಯೂಮ್ ಹಿಡಿದು ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಮರ ಕೊಯ್ಯುವ ಮಿಲ್ಲಿನ ಮೇಲೆ ದೊಡ್ಡ ಲಾಳಿಕೆಯಂಥ ಸೈಕ್ಲೋನ್ ಇರುತ್ತದೆ. ಅದರೊಳಗೆ ಗಾಳಿ ಗಿರಗಿರ ಸುತ್ತುತ್ತದೆ, ಹೊಟ್ಟು ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ, ಗಾಳಿ ಮಾತ್ರ ಮೇಲೆ ಹೋಗುತ್ತದೆ. ಅದನ್ನೇ ರಟ್ಟಿನಲ್ಲಿ ಮಾಡಿ ಹಳೆಯ ಹೂವರ್‌ಗೆ ಕಟ್ಟಿದರು. ಅಲ್ಲಿಂದ 5,127 ಮಾದರಿ ಆದ ಮೇಲೆ ಒಂದು ಸರಿ ಬಂತು ಅನ್ನುತ್ತಾರೆ.

ಅಲ್ಲಿನ ದೊಡ್ಡ ವ್ಯಾಕ್ಯೂಮ್ ಕಂಪನಿಗಳು ಯಾವುವೂ ತಗೊಳ್ಳಲಿಲ್ಲ. ಯಾಕೆ ತಗೊಳ್ತಾರೆ? ಆಗ ಬ್ರಿಟನ್‌ನಲ್ಲಿ ಬದಲಿ ಚೀಲದ ವ್ಯಾಪಾರವೇ ವರ್ಷಕ್ಕೆ ಸುಮಾರು 10 ಕೋಟಿ ಪೌಂಡ್. ಕೊನೆಗೆ 1993ರಲ್ಲಿ ತಾವೇ ಡಿಸಿ01 ಅನ್ನುವ ಯಂತ್ರ ತಂದರು. ‘ಚೀಲಕ್ಕೆ ವಿದಾಯ ಹೇಳಿ’ ಅನ್ನುವುದೇ ಜಾಹೀರಾತು. ಜಗಳವೂ ಅಲ್ಲಿಂದಲೇ ಶುರು. ಬೆಲ್ಜಿಯಂನಲ್ಲಿ ಚೀಲದ ಯಂತ್ರದವರು ಕೋರ್ಟಿಗೆ ಹೋಗಿ, ಜಾಹೀರಾತಿನಲ್ಲಿ ಚೀಲದ ಸುದ್ದಿಯೇ ಎತ್ತದ ಹಾಗೆ ಬಾಯಿ ಮುಚ್ಚಿಸಿದರು. ಡೈಸನ್‌ನವರು ಏನು ಮಾಡಿದರು ಗೊತ್ತಾ? ಆ ಪದ ಇದ್ದ ಕಡೆಯೆಲ್ಲ ಮಸಿ ಬಳಿದು ಅದೇ ಜಾಹೀರಾತನ್ನು ಹಾಕಿದರು. ಅಡಿಯಲ್ಲಿ, ಕೋರ್ಟು ನಿಮಗೆ ಇದನ್ನು ತಿಳಿಸಲು ಬಿಡುತ್ತಿಲ್ಲ ಅಂತ ಒಂದು ಸಾಲು. ಜನ ಓದಿದ್ದೇ ಆ ಮಸಿಯನ್ನು!

ಹೂವರ್‌ನವರದ್ದು ಇನ್ನೂ ಚೆನ್ನಾಗಿದೆ. 1992ರಲ್ಲಿ ‘100 ಪೌಂಡಿನ ಸಾಮಾನು ತಗೊಳ್ಳಿ, ಅಮೆರಿಕಕ್ಕೆ ಎರಡು ವಿಮಾನ ಟಿಕೆಟ್ ಪುಕ್ಕಟೆ’ ಅಂದರು. ವ್ಯಾಕ್ಯೂಮ್ ಬೇಡದವರೂ ಟಿಕೆಟ್‌ಗಾಗಿ ಕೊಂಡರು. ಕಂಪನಿಗೆ ಸುಮಾರು 5 ಕೋಟಿ ಪೌಂಡ್ ಹೊರೆ ಬಿತ್ತು. ಟಿಕೆಟ್ ಸಿಗದ ಒಬ್ಬ ಗಿರಾಕಿ, ರಿಪೇರಿಗೆ ಬಂದ ಹೂವರ್ ವ್ಯಾನನ್ನು ತನ್ನ ಮನೆ ಮುಂದೆಯೇ ತಡೆದು ಇಟ್ಟುಕೊಂಡಿದ್ದ. ಆಮೇಲೆ ಹೂವರ್‌ನವರೂ ಚೀಲವಿಲ್ಲದ ಯಂತ್ರ ತಂದರು. ಪೇಟೆಂಟ್ ಕೇಸಾಯಿತು, 2000ದಲ್ಲಿ ಡೈಸನ್ ಗೆದ್ದರು.

ನಿಮ್ಮ ಪ್ರಶ್ನೆಗೆ ನಿಜವಾಗಿ ಬೇಕಾದ ಕೇಸು ಮಾತ್ರ ಬೇರೆ. 2014ರಲ್ಲಿ ಯುರೋಪಿನಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗೂ ಫ್ರಿಜ್ಜಿಗೆ ಹಚ್ಚುವ ಹಾಗೆ ಎನರ್ಜಿ ಚೀಟಿ ಕಡ್ಡಾಯ ಮಾಡಿದರು. ಆ ಚೀಟಿಯ ಅಂಕಕ್ಕೆ ಪರೀಕ್ಷೆ ಮಾಡುತ್ತಿದ್ದದ್ದು ಚೀಲ, ಡಬ್ಬಿ ಖಾಲಿ ಇದ್ದಾಗ. ಸುಮ್ನೆ ಯೋಚನೆ ಮಾಡಿ. ಖಾಲಿ ಲಾರಿ ಘಾಟಿ ಹತ್ತಿಸಿ ಮೈಲೇಜ್ ಬರೆದುಕೊಂಡ ಹಾಗೆ. ಡೈಸನ್ ಐದು ವರ್ಷ ಗುದ್ದಾಡಿದರು. 2015ರಲ್ಲಿ ಸೋತರು, 2017ರಲ್ಲಿ ಮೇಲಿನ ಕೋರ್ಟು ಮತ್ತೆ ವಿಚಾರಣೆ ಮಾಡಿ ಅಂದಿತು, 2018ರ ನವೆಂಬರ್‌ನಲ್ಲಿ ಆ ನಿಯಮವನ್ನೇ ರದ್ದು ಮಾಡಿಸಿದರು. 2019ರ ಜನವರಿಯಿಂದ ಅಂಗಡಿಯಲ್ಲಿ ಆ ಚೀಟಿಯೇ ಇಲ್ಲ.

ಆದರೆ ಅದೇ 2018ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಬಾಷ್-ಸೀಮೆನ್ಸ್‌ನವರು ಚೀಟಿ ಹಚ್ಚುತ್ತಾರೆ, ಖಾಲಿ ಚೀಲದಲ್ಲಿ ಪರೀಕ್ಷೆ ಮಾಡಿದ್ದು ಅಂತ ಗಿರಾಕಿಗೆ ಹೇಳುವುದಿಲ್ಲ, ಇದು ಮೋಸ ಅಂತ ಡೈಸನ್ ಬೆಲ್ಜಿಯಂನಲ್ಲಿ ಹಾಕಿದ್ದ ಕೇಸು. ಯುರೋಪಿನ ಕೋರ್ಟು ಒಪ್ಪಲಿಲ್ಲ. ನಿಯಮದಲ್ಲಿ ಇದ್ದ ಹಾಗೆ ಚೀಟಿ ಹಚ್ಚಿದ್ದಾರೆ, ಹೇಳದೆ ಬಿಟ್ಟಿದ್ದು ಮೋಸವಲ್ಲ ಅಂದಿತು. ಅಂದರೆ ಪರೀಕ್ಷೆಯೇ ತಪ್ಪು ಅಂತ ಗೆದ್ದರು, ಆ ಪರೀಕ್ಷೆಯ ಅಂಕ ಹಚ್ಚಿದವನು ತಪ್ಪುಗಾರ ಅಂತ ಸಾಧಿಸಲು ಆಗಲಿಲ್ಲ. ನನಗೆ ಈ ಎರಡೂ ತೀರ್ಪು ಸರಿ ಅನ್ನಿಸುತ್ತದೆ. ನನ್ನ ಹೆಂಡತಿ ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಇನ್ನು ‘ಎರಡು ಪಟ್ಟು’. ಅಮೆರಿಕದಲ್ಲಿ ಡೈಸನ್ ತಮ್ಮ ಯಂತ್ರಕ್ಕೆ ‘ಬೇರೆ ಯಾವುದೇ ವ್ಯಾಕ್ಯೂಮ್‌ಗಿಂತ ಎರಡು ಪಟ್ಟು ಎಳೆತ’ ಅಂತ ಹಾಕಿದ್ದರು. 2014ರಲ್ಲಿ ಶಾರ್ಕ್ ಕಂಪನಿಯವರು ಕೇಸು ಹಾಕಿದರು: ನಮ್ಮ ಹೊಸ ಯಂತ್ರ ಬಂದ ದಿನದಿಂದ ಆ ಮಾತು ಸುಳ್ಳಾಯಿತು, ಆದರೂ ಫಲಕ ತೆಗೆದಿಲ್ಲ ಅಂತ. ಅದೇ ವರ್ಷ ಡೈಸನ್, ಶಾರ್ಕ್‌ನವರು ‘ಡೈಸನ್‌ಗಿಂತ ನಮ್ಮದು ಮೇಲು’ ಅನ್ನುವುದು ಸುಳ್ಳು ಅಂತ ಕೇಸು ಹಾಕಿದ್ದರು. ಅಲ್ಲಿಗೆ ಲೆಕ್ಕ ಸರಿಹೋಯಿತು.

ವೈಂಡಿಂಗ್‌ಅಂಗಡಿ (ದಾವಣಗೆರೆ)

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಮಿಕ್ಸಿ, ಪಂಪು, ಅಪರೂಪಕ್ಕೆ ವ್ಯಾಕ್ಯೂಮ್.

20,000 ಮತ್ತು 55. ಎಳನೀರು ಕುಡಿಯುವಾಗ ಸ್ಟ್ರಾ ಹೋಗಿ ಗಂಜಿಗೆ ಸಿಕ್ಕಿಕೊಳ್ಳುತ್ತಲ್ಲ, ಆಗ ಎಷ್ಟು ಎಳೆದರೂ ಕೆನ್ನೆ ಒಳಗೆ ಹೋಗುತ್ತದೆ, ನೀರು ಬರುವುದಿಲ್ಲ. ಆ ಕೆನ್ನೆಯ ಎಳೆತ ಪಾಸ್ಕಲ್. ಸಾಮಾನ್ಯವಾಗಿ ಅದನ್ನು ಅಳೆಯುವುದು ಬಾಯಿ ಪೂರ್ತಿ ಮುಚ್ಚಿ, ಗಾಳಿ ಹರಿಯದೆ ಇದ್ದಾಗ. ಕಸ ಬರಬೇಕಾದರೆ ಎಳೆತವೂ ಬೇಕು, ಗಾಳಿಯೂ ಹರಿಯಬೇಕು. ಎರಡನ್ನೂ ಗುಣಿಸಿದರೆ ಬರುವುದು ಏರ್‌ವ್ಯಾಟ್. ಹಾಗಾಗಿ 20,000 ಮತ್ತು 55 ಹೋಲಿಸುವುದು ಕಿಲೋಗೂ ಮೀಟರಿಗೂ ಜಗಳ ಹಚ್ಚಿದ ಹಾಗೆ. ಹೋಲಿಸಬೇಕಾದರೆ ಡೈಸನ್‌ನ ಇನ್ನೊಂದನ್ನೇ ಇಡಿ. ವಿ12 ಅನ್ನುವುದು 150 ಏರ್‌ವ್ಯಾಟ್. ತೆಳ್ಳಗಿನ ಹೊಸ ಪೆನ್ಸಿಲ್‌ವ್ಯಾಕ್ ಅದರ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ.

ನಿಮ್ಮ ಹಳೆಯದರ 1,400 ವ್ಯಾಟ್ ಅಂದರೆ ಅದು ತಿನ್ನುವ ಕರೆಂಟು. ಎಳೆತದ ಲೆಕ್ಕ ಅಲ್ಲ.

ಆದರೂ ಪೆನ್ಸಿಲ್‌ವ್ಯಾಕ್ ಮೋಟಾರಿಗೆ ನಾನು ಕೈ ಮುಗಿಯುತ್ತೇನೆ. ಹಿಡಿ 38 ಮಿಲಿಮೀಟರ್ ದಪ್ಪ, ಮೋಟಾರ್ ಅದರೊಳಗೇ ಇದೆ, ನಿಮಿಷಕ್ಕೆ 1,40,000 ಸುತ್ತು. ನಮ್ಮ ಅಂಗಡಿಗೆ ಬರುವ ಮಿಕ್ಸಿ 18,000–20,000 ಸುತ್ತು ತಿರುಗುವಾಗಲೇ ಕಾರ್ಬನ್ ಬ್ರಷ್ಷಿನಿಂದ ಕಿಡಿ ಹಾರುತ್ತದೆ. ಇದರಲ್ಲಿ ಬ್ರಷ್ಷೇ ಇಲ್ಲ. ಚೆನ್ನಾಗಿದೆ. ಆದರೆ ಕೆಟ್ಟರೆ ನನ್ನ ಬಳಿ ತರಬೇಡಿ, ನನಗೆ ಅದರಲ್ಲಿ ಸುತ್ತುವುದಕ್ಕೆ ತಂತಿಯೇ ಸಿಗುವುದಿಲ್ಲ. ಹೋದ ವರ್ಷ ಒಬ್ಬರು ಯಾವುದೋ ಕಂಪನಿಯ ಬ್ಯಾಟರಿ ವ್ಯಾಕ್ಯೂಮ್ ತಂದಿದ್ದರು. ಮೋಟಾರ್ ಹೊಸದರ ಹಾಗಿತ್ತು, ಬ್ಯಾಟರಿ ಸತ್ತಿತ್ತು, ಹೊಸ ಬ್ಯಾಟರಿಗೆ ಕಂಪನಿ ಹೇಳಿದ ರೇಟಿಗೆ ಎರಡು ಮಿಕ್ಸಿ ಬರುತ್ತಿದ್ದವು. ಈಗ ಅದು ನಮ್ಮ ಅಂಗಡಿ ಬಾಗಿಲಿಗೆ ಒತ್ತು ಕೊಡಲು ಇದೆ.

ಹೊಸದು ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಪ್ಲಗ್ ತೆಗೆದು ಹಳೆಯದರ ಹಿಂದಿನ ಮುಚ್ಚಳ ಬಿಚ್ಚಿ. ಗಾಳಿ ಹೊರಗೆ ಹೋಗುವ ಕಡೆ ಸ್ಪಂಜಿನಂಥ ಒಂದು ಫಿಲ್ಟರ್ ಇರುತ್ತದೆ. ಅದನ್ನು ಕೊನೆಯ ಸಲ ತೊಳೆದದ್ದು ಯಾವಾಗ?

ತಕರಾರು (ಮೈಸೂರು)

ಸ್ವಿಂಡನ್‌ನವರು ಡೈಸನ್‌ನ ಗೆಲುವುಗಳನ್ನು ಚಪ್ಪರಿಸಿ ಹೇಳಿದರು. ಸೋಲೂ ಹೇಳಬೇಕಲ್ವಾ? ಪಾರದರ್ಶಕ ಕಸದ ಡಬ್ಬಿಯನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೋದರು. ಗಾಜಿನ ಹಾಗೆ ಕಾಣುವ ಡಬ್ಬಿ ಯಾರಪ್ಪನ ಸ್ವತ್ತು? 2007ರಲ್ಲಿ ಯುರೋಪಿನ ಕೋರ್ಟು ಆಗುವುದಿಲ್ಲ ಅಂದಿತು. ವ್ಯಾಕ್ಸ್ ಕಂಪನಿ ತಮ್ಮ ವಿನ್ಯಾಸ ಕದ್ದಿದೆ ಅಂದರು, 2011ರಲ್ಲಿ ಅಲ್ಲೂ ಸೋತರು. ಬಿಡಿಭಾಗ ಮಾಡಿ ಮಾರುವ ಸಣ್ಣ ಕಂಪನಿಯ ಮೇಲೂ ಕೇಸು ಹಾಕಿದರು, ಅದನ್ನು ಗೆದ್ದರು. ದಾವಣಗೆರೆಯವರು ಹೇಳಿದ ಬ್ಯಾಟರಿ ಕಥೆಯ ಪಕ್ಕದಲ್ಲಿ ಇದನ್ನಿಟ್ಟು ಓದಿ.

ಹೊಸ ಆವಿಷ್ಕಾರ ಅನ್ನುತ್ತೀರಿ. ಎರಡು ಡ್ರಮ್ ಎದುರು ಬದುರು ತಿರುಗುವ ವಾಷಿಂಗ್ ಮೆಷಿನ್ 2000ದಲ್ಲಿ ಬಂತು, 2005ಕ್ಕೆ ನಿಂತಿತು. ಎಲೆಕ್ಟ್ರಿಕ್ ಕಾರಿಗೆ 50 ಕೋಟಿ ಪೌಂಡ್ ಸುರಿದು 2019ರಲ್ಲಿ ಕೈ ಬಿಟ್ಟರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸುವ ಜನ.

ನಮ್ಮಲ್ಲಿ ಏನು ಕಮ್ಮಿ ಅಂತಲೂ ಅಲ್ಲ. 2010ರಲ್ಲಿ ರಿನ್‌ನವರು ಟೈಡ್ ಪ್ಯಾಕೆಟ್ಟನ್ನೇ ಟಿವಿಯಲ್ಲಿ ತೋರಿಸಿ ನಮ್ಮದು ಜಾಸ್ತಿ ಬಿಳಿ ಅಂದಿದ್ದು, ಕಲ್ಕತ್ತಾ ಹೈಕೋರ್ಟು ತಡೆ ಕೊಟ್ಟಿದ್ದು ನೆನಪಿದೆಯಾ?

ಸ್ವಿಂಡನ್‌ವಾಸಿ

ತಕರಾರಿನವರ ತಕರಾರು ಒಪ್ಪಿದೆ. ಕಾರಿನದ್ದು ಮಾತ್ರ ನಾನು ಬೇರೆ ರೀತಿ ನೋಡುತ್ತೇನೆ. ಸ್ವಂತ ದುಡ್ಡು ಹಾಕಿ, ನಡೆಯುವುದಿಲ್ಲ ಅಂತ ಗೊತ್ತಾದಾಗ ನಿಲ್ಲಿಸಿದರು. ಜನರಿಗೆ ಮಾರಿ ಆಮೇಲೆ ಕೈ ಎತ್ತಲಿಲ್ಲ. ರೆಕ್ಕೆಯಿಲ್ಲದ ಫ್ಯಾನು, ತಲೆಕೂದಲ ಡ್ರೈಯರ್ ಎಲ್ಲ ಅಂಥ ಧೈರ್ಯದಿಂದಲೇ ಬಂದದ್ದು. ನನಗೆ ಸಿಟ್ಟು ಬರುವುದು ಅದರ ಬೆಲೆಗೆ.

ಪಾರದರ್ಶಕ ಡಬ್ಬಿಯ ಇನ್ನೊಂದು ಮುಖ ಹೇಳುತ್ತೇನೆ, ಸೀನುವ ಮಗುವಿನ ತಾಯಿಗೆ. ಪಕ್ಕದ ಮನೆಯಲ್ಲಿ ಡೈಸನ್ ಇದೆ. ಅವರು ತೋಟದ ಡ್ರಮ್ಮಿನ ಹತ್ತಿರ ಹೋಗಿ ಡಬ್ಬಿಯ ತಳ ಬಿಡುತ್ತಾರೆ. ಟಪ್ ಅಂತ ಒಂದು ಬೂದು ಮೋಡ ಏಳುತ್ತದೆ. ಅವರು ಉಸಿರು ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತಿರುತ್ತಾರೆ. ನಮ್ಮ ಹೆನ್ರಿಯ ಚೀಲ ಎಸೆಯುವ ಜಾತಿಯದು. ಬಾಯಿ ಮುಚ್ಚಿ ಹಾಗೇ ಬುಟ್ಟಿಗೆ ಹಾಕುತ್ತೇನೆ. ಎಳೆತ ಸ್ವಲ್ಪ ಇಳಿಯುವುದು ನಿಜ. ಮೋಡ ಏಳುವುದಿಲ್ಲ.

ದೂಳಿನಮನೆ (ಬೆಂಗಳೂರು)

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಅಂಗಡಿಗೆ ಹೋಗಿದ್ದೆ. ಬ್ಯಾಗಿನಲ್ಲಿ ರಾಗಿ ಹಿಟ್ಟಿನ ಪೊಟ್ಟಣ ಇತ್ತು. ಸೇಲ್ಸ್ ಹುಡುಗ ಹರಳೆಣ್ಣೆ ಕುಡಿದವನ ಮುಖ ಮಾಡಿದರೂ ಟೈಲ್ಸ್ ಮೇಲೆ ಚೆಲ್ಲಲು ಬಿಟ್ಟ. ಒಂದೇ ಸಲಕ್ಕೆ ಚೊಕ್ಕ. ‘ಡಬ್ಬಿ ಮುಕ್ಕಾಲು ತುಂಬಿದ ಮೇಲೆ ಹೇಗೆ ಎಳೆಯುತ್ತೆ, ತೋರಿಸಿ’ ಅಂದೆ. ಅವನು ಡಬ್ಬಿ ಖಾಲಿ ಮಾಡಿಕೊಂಡು ಬಂದು ಮತ್ತೆ ಅದನ್ನೇ ತೋರಿಸಿದ!

ಮನೆಗೆ ಬಂದು ಹಳೆಯದರ ಹಿಂದಿನ ಮುಚ್ಚಳ ಬಿಚ್ಚಿದೆ. ಅಣ್ಣಾ, ಆ ಸ್ಪಂಜು ದೋಸೆ ಕಾವಲಿಯ ತಳದ ಹಾಗಿತ್ತು. ಹನ್ನೆರಡು ವರ್ಷ ಅಲ್ಲೊಂದು ಫಿಲ್ಟರ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಾಲ್ಕು ಬಕೆಟ್ ನೀರು ಬೇಕಾಯಿತು. ಎರಡು ದಿನ ಬಿಸಿಲಿಗಿಟ್ಟು ಹಾಕಿದರೆ ಬಾಗಿಲ ಕಾಲೊರಸು ಪೈಪಿಗೆ ಅಂಟಿಕೊಂಡು ಮೇಲೆ ಎದ್ದಿತು. ಬಟ್ಟೆ ಚೀಲದ ಬದಲು ಎಸೆಯುವ ಚೀಲ ಹತ್ತು ತರಿಸಿದ್ದೇನೆ. ಅಳತೆ ಸರಿ ಬಂತು.

ಪೆನ್ಸಿಲ್ ವಿಷಯ ರಸ್ತೆ ಮುಚ್ಚಿದ ಮೇಲೆ ನೋಡೋಣ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಮತ್ತೆ ಜೆಸಿಬಿ ಬಂತು.