ಕೊಬ್ಬರಿ ಸುಟ್ಟರೆ ಅಲ್ಲಮ ಒಪ್ತಾನಾ?

ಚಳ್ಳಕೆರೆ ಹುಡುಗ: ನಾಯಕನಹಟ್ಟಿ ಜಾತ್ರೆ ಮುಗಿಸಿ ಬಂದೆ. ತೇರಿಗಿಂತ ಕಣ್ಣಲ್ಲಿ ಉಳಿದಿದ್ದು ಹರಕೆಗೆ ಸುಡೋ ಕೊಬ್ಬರಿ ರಾಶಿಯ ಬೆಂಕಿ. ಅಂಗಿಗೆ ಇನ್ನೂ ಎಣ್ಣೆಹೊಗೆ ವಾಸನೆ. ಬಸ್ಸಲ್ಲಿ ಕೂತಾಗ ಅಲ್ಲಮ ನೆನಪಾದ: ‘ದೇಹದೊಳಗೆ ದೇವಾಲಯವಿದ್ದು ಮತ್ತೆ ಬೇರೆ ದೇವಾಲಯವೇಕಯ್ಯಾ?’ 12ನೇ ಶತಮಾನದಲ್ಲೇ ಕೇಳಿದ್ದಾನೆ. ನಾವಿನ್ನೂ ಕೊಬ್ಬರಿ ಸುಡ್ತಾನೇ ಇದೀವಿ.

ದುರ್ಗದ ಮೇಷ್ಟ್ರು: ಅರ್ಧ ವಚನಕ್ಕೇ ನಿಲ್ಲಿಸಿದ್ರೆ ಹೇಗಪ್ಪಾ? ಕೊನೆಗೆ ‘ಗುಹೇಶ್ವರಾ ನೀನು ಕಲ್ಲಾದಡೆ ನಾನೇನಪ್ಪೆನು?’ ಅಂತಾನೆ. ಗುಡಿಗೆ ಬೀಳೋ ಏಟು ಅಂದ್ಕೊಂಡು ಓದ್ತಾ ಬಂದವನಿಗೆ ಇಲ್ಲಿ ತನ್ನ ಬೆನ್ನಿಗೇ ಬೀಳುತ್ತೆ. ಭಾಷಣಗಳಲ್ಲಿ ಮೊದಲ ಸಾಲಿಗೆ ಚಪ್ಪಾಳೆ. ಇದನ್ನ ಯಾರೂ ಓದಲ್ಲ.

ಬೆಣ್ಣೆದೋಸೆ: ಮೇಷ್ಟ್ರೇ, ಶರಣರು ಇಷ್ಟಲಿಂಗ ಅಂಗೈಲಿಟ್ಟು ಪೂಜಿಸಿದ್ದು ಆಚರಣೆ ಅಲ್ವಾ? ಗುಡಿ ಬಿಟ್ರು, ಪೂಜೆ ಬಿಡ್ಲಿಲ್ಲ.

ಚಳ್ಳಕೆರೆ ಹುಡುಗ: ಅಂಗೈಗೆ ಪೂಜಾರಿ ಬೇಕಿಲ್ಲ, ಹರಾಜೂ ಬೇಕಿಲ್ಲ. ಹಟ್ಟೀಲಿ ತೇರಿನ ಮುಕ್ತಿ ಬಾವುಟಕ್ಕೆ ಲಕ್ಷಗಟ್ಟಲೆ ಕೂಗ್ತಾರೆ. ಮುಕ್ತಿನೇ ಹರಾಜಿಗೆ!

ದುರ್ಗದ ಮೇಷ್ಟ್ರು: ಹರಾಜಿನ ಮಾತು ಒಪ್ಪಿದೆ. ಆದ್ರೆ ಆ ಜಾತ್ರೆ ಯಾರ ಹೆಸರಲ್ಲಿ ನಡೆಯುತ್ತೋ ಆ ಸಂತ ತಿಪ್ಪೇರುದ್ರಸ್ವಾಮಿ ಈ ಬರದ ಸೀಮೇಲಿ ಕೆರೆ ಕಟ್ಟಿಸಿದವರು. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದವರು.

ಹಿರಿಯೂರಿನ ಅಕ್ಕ: ನಮ್ಮಜ್ಜಿ ಅಮಾವಾಸ್ಯೆ ಭಜನೆನೂ ತಪ್ಪಿಸ್ತಿರಲಿಲ್ಲ, ಹಟ್ಟಿಗೆ ಕೊಬ್ಬರಿ ಒಯ್ಯೋದನ್ನೂ ತಪ್ಪಿಸ್ತಿರಲಿಲ್ಲ. ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಅಂದ್ರೆ ಪ್ರಾಣ. ಕಾಲೇಜಿಗೆ ಹೋಗೋ ಜಂಬದಲ್ಲಿ ನಾನು, ‘ಅಜ್ಜೀ, ಮಾಳಿಗೆ ಅಂದ್ರೆ ದೇಹ’ ಅಂದೆ. ‘ಮೊದ್ಲು ಮ್ಯಾಲೆ ಹತ್ತಿ ಚೌಳು ಮಣ್ಣು ಹಾಕು, ಆಮ್ಯಾಕೆ ದೇಹದ ಮಾತು’ ಅಂದ್ರು. ನಾನು ಹತ್ತಲಿಲ್ಲ. ಆ ಸಲ ಮಳೆ ಹಿಡಿದಾಗ ದೇವರ ಗೂಡಿನ ಮೇಲೇ ಸೋರ್ತು. ದೀಪ ಪಕ್ಕಕ್ಕೆ ಸರಿಸಿ, ಕೆಳಗೆ ಹಿತ್ತಾಳೆ ಬೋಗುಣಿ ಇಟ್ಟು, ಅದಕ್ಕೆ ಬೀಳೋ ಹನಿಗೇ ದಮ್ಮಡಿ ಹೊಂದಿಸ್ಕೊಂಡು ಅದೇ ಪದ ಹಾಡಿದ್ರು. ನನ್ನ ಮುಖ ನೋಡ್ತಾನೇ ಹಾಡಿದ್ರು ಅನ್ನೋದು ಬೇರೆ. ಅದು ಪೂಜೆನೋ, ತತ್ವನೋ, ನನಗೆ ಬೈದಿದ್ದೋ, ನೀವೇ ಹೇಳಿ.

ಬೆಣ್ಣೆದೋಸೆ: ಮೂರೂ!

ಚಳ್ಳಕೆರೆ ಹುಡುಗ: ಅಕ್ಕಾ, ಅಜ್ಜಿ ಹಾಡಿದ್ದು ರೆಕಾರ್ಡ್ ಇದ್ರೆ ಹಾಕ್ತೀರಾ?

ಹಿರಿಯೂರಿನ ಅಕ್ಕ: ಎಲ್ಲಿಂದ ಬರಬೇಕಪ್ಪಾ. ಬೋಗುಣಿ ಇದೆ. ಮನೆಗೆ ಆರ್‌ಸಿಸಿ ಹಾಕ್ಸಿದೀವಿ.