ನಿವೃತ್ತರಾಗಿದ್ದ ವಿಂಕೆಲ್‌ಮನ್ ಡಚ್ ಮಹಾದಂಡನಾಯಕರಾದದ್ದು ಹೇಗೆ?

ಪ್ರಶ್ನೆ: 1934ರಲ್ಲೇ ಸೇವೆ ಬಿಟ್ಟಿದ್ದ ಹೆನ್ರಿ ವಿಂಕೆಲ್‌ಮನ್ ಅವರನ್ನು 1940ರಲ್ಲಿ ಮತ್ತೆ ಕರೆದದ್ದೇಕೆ? ಮೇ 15ರಂದು ಜರ್ಮನ್ನರಿಗೆ ಶರಣಾಗಿ ಅವರು ಹಾಕಿದ ಸಹಿ ಇಡೀ ನೆದರ್ಲೆಂಡ್ಸ್ ದೇಶದ ಶರಣಾಗತಿಯೇ?

ಉತ್ತರ 1: 1934ರಲ್ಲಿ ಸೇನಾ ಸಿಬ್ಬಂದಿ ಮುಖ್ಯಸ್ಥರ ಹುದ್ದೆ ರೈಂಡರ್ಸ್ ಅವರಿಗೆ ಸಿಕ್ಕಿತು, ವಿಂಕೆಲ್‌ಮನ್ ನಿವೃತ್ತರಾದರು. ಮುಂದೆ ಮಹಾದಂಡನಾಯಕರಾದ ರೈಂಡರ್ಸ್‌ಗೂ ರಕ್ಷಣಾ ಸಚಿವ ಡೈಕ್ಸ್‌ಹೂರ್ನ್‌ಗೂ ಹೊಂದದೆ ರೈಂಡರ್ಸ್ ಹುದ್ದೆ ಬಿಟ್ಟರು. 1940ರ ಫೆಬ್ರವರಿಯಲ್ಲಿ 63ರ ವಿಂಕೆಲ್‌ಮನ್‌ಗೆ ಕರೆ ಬಂತು.

ಉತ್ತರ 2: ಅವರ ದೊಡ್ಡ ನಿರ್ಧಾರ, ದೇಶದ ನಡುಭಾಗದ ಗ್ರೆಬ್ಬೆ ಸಾಲನ್ನೇ ಮುಖ್ಯ ರಕ್ಷಣಾ ರೇಖೆಯಾಗಿಸಿದ್ದು. ದಕ್ಷಿಣದ ಪೀಲ್ ಸಾಲಿನ ಹಿಂದಿದ್ದ 3ನೇ ಕೋರ್ (ಸೇನಾ ದಳ) ಯುದ್ಧ ಶುರುವಾದೊಡನೆ ಹಿಂದೆ ಸರಿಯಬೇಕಿತ್ತು. ಸಮಸ್ಯೆ ಗ್ರೆಬ್ಬೆ ಗುಡ್ಡದ ಬಳಿ. ನೀರೆತ್ತುವ ಘಟಕ ಪೂರ್ಣವಾಗದೆ, ಶತ್ರುವನ್ನು ತಡೆಯಲು ನೀರಿನಲ್ಲಿ ಮುಳುಗಿಸಬೇಕಿದ್ದ ಗುಡ್ಡದ ಮುಂದಿನ ನೆಲ ಮುಳುಗಲಿಲ್ಲ. ಜರ್ಮನ್ನರು ನುಗ್ಗಿದ್ದು ಅಲ್ಲಿಂದಲೇ.

ಉತ್ತರ 3: ಎರಡನೇ ಪ್ರಶ್ನೆಗೆ: ಅಲ್ಲ. ರೈಸೋರ್ಡ್‌ನ ಶಾಲೆಯಲ್ಲಿ ಆದದ್ದು ಸೇನಾ ಶರಣಾಗತಿ ಮಾತ್ರ. ಫ್ರೆಂಚ್ ಪಡೆಗಳಿದ್ದ ನೈಋತ್ಯದ ಜೀಲಂಡ್ ಪ್ರಾಂತ್ಯ ಅದರಿಂದ ಹೊರಗಿತ್ತು. ಡಚ್ ಸರ್ಕಾರ ಲಂಡನ್ನಿನಿಂದ ಯುದ್ಧ ಮುಂದುವರಿಸಿತು. ಈ ವ್ಯತ್ಯಾಸವನ್ನು ಅನೇಕರು ಮರೆಯುತ್ತಾರೆ, ಅದು ವಿಂಕೆಲ್‌ಮನ್ ಅವರಿಗೆ ಮಾಡುವ ಅನ್ಯಾಯ. ಜರ್ಮನಿಯ ವಿರುದ್ಧ ಹೋರಾಡುವುದಿಲ್ಲವೆಂದು ಮಾತು ಕೊಡಲೂ ಅವರು ಒಪ್ಪಲಿಲ್ಲ. ಜುಲೈ 1940ರಿಂದ ಯುದ್ಧ ಮುಗಿಯುವವರೆಗೂ ಸೆರೆಯಲ್ಲಿದ್ದರು.